ತೆರಕಣಾಂಬಿಯಲ್ಲಿ ಇಳಿದುಹೋದ ನೆಂಟರು

೧೯೯೫ರ ಮೇ ತಿಂಗಳು. ಅಂದು ಬೆಳಿಗ್ಗೆಯೂ ದಿನದಂತೆಯೇ ಶುರುವಾಯಿತು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟು, ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿ, ಅವರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ತಾರಸಿಗೆ ಹೋಗಿ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟೆ. ಹಿಂದಿನ ಸಂಜೆ ಟಿವಿಯಲ್ಲಿ ವಾರ್ತೆ ಮುಗಿದ ಮೇಲೆ ಹವಾಮಾನ ಓದುವಾಕೆ ದಕ್ಷಿಣ ಒಳನಾಡಿನಲ್ಲಿ ಒಣ ಹವೆ ಎಂದಿದ್ದರು. ಅದೇ ಧೈರ್ಯ.

ಪಕ್ಕದ ಮನೆಯ ಪುಟ್ಟತಾಯಮ್ಮನವರ ಕೈಗೆ ಬೀಗದ ಕೈ ಕೊಟ್ಟು, “ಸಂಡಿಗೆ ಕಡೆ ಒಂದು ಕಣ್ಣಿರಲಿ, ಕಾಗೆ ಬರುತ್ತೆ” ಎಂದೆ.

“ಕಾಗೆ ಬುಡವ್ವ, ಮಳೆ ಬಂದ್ರೆ?”

“ಇವತ್ತು ಬರಲ್ಲ ಅಂತ ಟಿವೀಲಿ ಹೇಳಿದ್ದಾರಲ್ಲ.”

“ಟಿವಿಯವ್ರು ಇರಾದು ಬೆಂಗ್ಳೂರ್ಲಿ, ಸಂಡಿಗೆ ಇರಾದು ನಮ್ ತಾರಸೀಲಿ” ಎಂದು ಅವರು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ನಾನು ಚಾಮರಾಜನಗರದಿಂದ ಹೊರಟಿದ್ದು ಗುಂಡ್ಲುಪೇಟೆಗೆ, ನನ್ನ ತವರಿಗೆ. ಅಲ್ಲಿ ಅಪ್ಪನದು ಪುಟ್ಟ ಬಟ್ಟೆ ಅಂಗಡಿ. ತಂಗಿ ನಳಿನಿ ಬಿಎಸ್ಸಿ ಕಡೆಯ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಭಾನುವಾರ ಕುದೇರಿನ ಕಡೆಯವರು ಅವಳನ್ನು ನೋಡಲು ಬರುವುದಿತ್ತು. ಅವಳೋ, ಮುಂದೆ ಓದಬೇಕು ಎಂದು ಊಟ ಬಿಟ್ಟು ಕೂತಿದ್ದಳು. ಹಿಂದಿನ ದಿನ ಅಪ್ಪ ಅಂಗಡಿಯಿಂದ ಯಜಮಾನರ ಆಫೀಸಿಗೆ ಫೋನ್ ಮಾಡಿದ್ದರು. “ಟಿವೀಲಿ ಮಳೆ ಯೋಳೋಳಾಗ್ಬೇಕಂತೆ ಅವ್ಳು. ಅದ್ಕೂ ಒಂದ್ ಓದ್ ಬೇಕಾ? ಒಳ್ಳೆ ಸೀರೆ ಉಟ್ಕಂಡು ನಿಂತ್ಕಂಡ್ರೆ ಸಾಲ್ದಾ? ಅಕ್ಕನ ಮಾತು ಕೇಳ್ತಾಳೆ, ಅವಳ್ನ ಒಂದಪ ಕಳ್ಸಿಕೊಡಿ.”

ಅಪ್ಪ ಹಾಗೆ ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹವಾಮಾನ ಬರುವ ಹೊತ್ತಿಗೆ ನಳಿನಿ ತಟ್ಟೆಯ ಅನ್ನ ಆರುವುದನ್ನೂ ಮರೆತು ಟಿವಿಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದಳು. ಅವಳಿಗೆ ಆ ಹೆಂಗಸಿನ ಹಾಗೆ ಆಗುವ ಆಸೆ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಬ್ಬರು ಕೂತಿದ್ದರು. ಪಕ್ಕದ ಸೀಟು ಖಾಲಿಯಿತ್ತು. ಕೂತ ಮೇಲೆ ಅವರ ಮುಖ ನೋಡಿದೆ. ಎಷ್ಟು ಪರಿಚಿತ ಮುಖ! ಮಾವಿನ ಚಿಗುರಿನ ಬಣ್ಣದ ಮಾಸಲು ವಾಯಿಲ್ ಸೀರೆ, ದಪ್ಪ ಕನ್ನಡಕ, ಗಾಳಿಗೆ ಕೆದರಿದ ಮುಂಗೂದಲು. ಎಡಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ಆ ಮಚ್ಚೆಯನ್ನು ನಾನು ಎಷ್ಟು ಸಲ ನೋಡಿದ್ದೇನೆ, ಎಲ್ಲಿ?

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ಗುರುತಿರುವವರನ್ನು ‘ನೀವು ಯಾರು’ ಎಂದು ಕೇಳುವುದು ಬಾಗಿಲು ಮುಚ್ಚಿದ ಹಾಗೆ, ನಗಬೇಕು, ಯೋಗಕ್ಷೇಮ ಕೇಳಬೇಕು ಅಂತ. ಹಾಗೇ ಮಾಡಿದೆ. “ಚೆನ್ನಾಗಿದ್ದೀರಾ? ಹರವೆ ಮದುವೆಯಲ್ಲಿ ನೋಡಿದ್ದು, ಅಲ್ವಾ?”

ಅವರು ಒಂದು ಕ್ಷಣ ನನ್ನನ್ನೇ ನೋಡಿ ನಕ್ಕರು. “ಚೆನ್ನಾಗಿದ್ದೀನಿ. ನೀವು?”

“ಅಮ್ಮ ಹೇಗಿದ್ದಾರೆ? ಮಂಡಿನೋವು ಅಂತಿದ್ರು.”

“ಈಗ ಪರವಾಗಿಲ್ಲ” ಎಂದರು. ಎಲ್ಲ ಅಮ್ಮಂದಿರಿಗೂ ಮಂಡಿನೋವು ಇರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಮುಡಿದಿದ್ದ ಮಲ್ಲಿಗೆಯ ದಂಡೆಯಲ್ಲಿ ಒಂದು ತುಂಡು ಹರಿದು ಕೊಟ್ಟೆ. ಅವರು ಮುಡಿದುಕೊಂಡರು.

ಬಸ್ಸು ಹೊಲಗಳ ನಡುವೆ ತೂಗುತ್ತಾ ಹೋಗುತ್ತಿತ್ತು. ಉತ್ತ ಕೆಮ್ಮಣ್ಣಿನ ಮೇಲೆ ಮೋಡದ ನೆರಳುಗಳು ಸದ್ದಿಲ್ಲದೆ ನಮ್ಮ ಜೊತೆಯಲ್ಲೇ ಬರುತ್ತಿದ್ದವು. ಅಂಥ ಹೊತ್ತಿನಲ್ಲಿ ಮಾತು ತಾನಾಗಿಯೇ ಹೊರಗೆ ಬರುತ್ತದೆ. ನಳಿನಿಯ ಹಟ, ಅಪ್ಪನ ಕೋಪ, ಭಾನುವಾರದ ವಿಷಯ ಎಲ್ಲ ಹೇಳಿಕೊಂಡೆ.

“ಅಲ್ಲ, ಟಿವಿಯಲ್ಲಿ ಹವಾಮಾನ ಹೇಳೋಕೆ ನಿಜವಾಗ್ಲೂ ಏನಾದ್ರೂ ಓದಿರಬೇಕಾ?” ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಹವಾಮಾನ ಓದೋರೊಬ್ಬರು ನನಗೆ ಚೆನ್ನಾಗಿ ಗೊತ್ತು. ಅವರು ಓದಿರೋದು ಕನ್ನಡ ಎಂಎ. ಬೆಳಿಗ್ಗೆ ಒಂದು ಸ್ಕೂಲಿನಲ್ಲಿ ಪಾಠ ಮಾಡ್ತಾರೆ, ಟಿವಿಯವರು ಕರೆದ ದಿನ ಹೋಗ್ತಾರೆ. ಧ್ವನಿ ನೋಡಿದ್ರು, ಊರಿನ ಹೆಸರು ತೊದಲದೆ ಹೇಳ್ತಾರಾ ನೋಡಿದ್ರು, ಅಷ್ಟೇ. ಮೋಡದ ಬಗ್ಗೆ ಅವರಿಗೆ ನಿಮ್ಮಷ್ಟೇ ಗೊತ್ತು.”

“ಹಾಗಾದ್ರೆ ಮಳೆ ಬರುತ್ತೆ ಅಂತ ಯಾರು ಹೇಳೋದು?”

“ಹವಾಮಾನದ ಆಫೀಸಿನವರು. ಅವರು ಫಿಸಿಕ್ಸೋ ಗಣಿತವೋ ಎಂಎಸ್ಸಿ ಮಾಡಿ, ಆಮೇಲೆ ಬೇರೆ ತರಬೇತಿ ಪಡೆದಿರ್ತಾರೆ. ದೇಶದ ನಕ್ಷೆಯ ಮೇಲೆ ಗೆರೆ ಎಳೆದು ಗಾಳಿಯ ದಾರಿ ಹುಡುಕ್ತಾರೆ. ಅಲ್ಲಿ ಹೆಂಗಸರೂ ಇದ್ದಾರೆ. ಅವರ ಮುಖ ಯಾರೂ ನೋಡಿರಲ್ಲ.” ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, “ನಿಮ್ಮ ತಂಗಿಯನ್ನ ಒಂದು ಮಾತು ಕೇಳಿ. ನಿನಗೆ ಮೈಕ್ ಇಷ್ಟವೋ, ಆಕಾಶ ಇಷ್ಟವೋ ಅಂತ. ಎರಡಕ್ಕೂ ದಾರಿ ಬೇರೆ ಬೇರೆ.”

ನಾನು ತಲೆಯಾಡಿಸಿ, ಹಾಗೇ ಮಾತಿಗೆ ಮಾತು ಎಂದು, ಟಿವಿಯ ಮಾತು ನಂಬಿ ಸಂಡಿಗೆ ಇಟ್ಟು ಬಂದಿದ್ದೇನೆ ಎಂದೆ. ಅವರ ಮುಖ ಸಪ್ಪಗಾಯಿತು.

“ಅದನ್ನ ಕೇಳಿ ಸಂಡಿಗೆ ಇಡ್ತಾರಾ?” ಎಂದು ಕಿಟಕಿಯಿಂದ ಬಗ್ಗಿ ಆಕಾಶ ನೋಡಿದರು. ಪಡುವಣದಲ್ಲಿ ಬೂದಿಬಣ್ಣದ ಮೋಡ ಏಳುತ್ತಿತ್ತು. ನನ್ನ ಸಂಡಿಗೆಗೆ ಇವರು ಯಾಕಪ್ಪ ಇಷ್ಟು ಕಳವಳಪಡುತ್ತಾರೆ ಎನ್ನಿಸಿತು.

“ತೆರಕಣಾಂಬಿ ಯಾರ್ ಇಳಿಯೋರು, ಬನ್ನಿ ಬಿರ್ರನೆ!” ಎಂದು ಕಂಡಕ್ಟರ್ ಕೂಗಿದ. ಅವರು ಎದ್ದರು. “ಇಲ್ಲಿ ನಮ್ಮ ಸೋದರತ್ತೆ ಮನೆ. ಬರ್ಲಾ?” ಎಂದು ನನ್ನ ಕೈಯನ್ನೊಮ್ಮೆ ಒತ್ತಿದರು. ಬಾಗಿಲ ಬಳಿ ಕಂಡಕ್ಟರ್ ಹಲ್ಲು ಕಿರಿಯುತ್ತಾ, “ಮೇಡಮ್ಮೋರೆ, ದಿನಾ ಕರಾವಳೀಗೇ ಮಳೆ ಕೊಟ್ಬುಡ್ತೀರಲ್ಲ, ನಮ್ ಕಡೀಕೂ ಒಸಿ ಕಳ್ಸಿ!” ಎಂದ.

“ಬರೆದುಕೊಟ್ಟದ್ದು ಓದ್ತೀನಿ ಕಣಣ್ಣ” ಎಂದು ಅವರು ನಗುತ್ತಾ ಇಳಿದರು.

ಬಸ್ಸು ಹೊರಟಿತು. “ಯಾರವರು?” ಎಂದು ಕಂಡಕ್ಟರನ್ನು ಕೇಳಿದೆ.

“ಅಷ್ಟೊತ್ತಿಂದ ಪಕ್ಕದಲ್ಲೇ ಕೂತಿದ್ರಲ್ಲವ್ವ! ಟಿವೀಲಿ ಮಳೆ ಯೋಳೋರು ಕಣ!”

ಹಿಂದಿನ ಸೀಟಿನವರೆಲ್ಲ ಕಿಟಕಿಗೆ ಮುಗಿಬಿದ್ದರು. ನಾನು ಮಾತ್ರ ತಲೆ ತಗ್ಗಿಸಿ ಮಡಿಲಲ್ಲಿ ಉದುರಿದ್ದ ಮಲ್ಲಿಗೆಯ ಎಸಳು ನೋಡುತ್ತಾ ಕೂತೆ. ನಮ್ಮ ಮನೆಯದು ಕಪ್ಪುಬಿಳುಪಿನ ಟಿವಿ. ಅದರಲ್ಲಿ ಕಾಣುವಾಗ ಅವರಿಗೆ ರೇಷ್ಮೆಸೀರೆ, ಬಾಚಿದ ಕೂದಲು, ಕನ್ನಡಕವಿಲ್ಲದ ಕಣ್ಣು. ದಿನವೂ ನಮ್ಮ ಹಜಾರಕ್ಕೆ ಬರುವವರನ್ನು ನೆಂಟರೆಂದೇ ಮನಸ್ಸು ಬಗೆದಿತ್ತು. ಅಪ್ಪ ಹೇಳಿದ ‘ಸೀರೆ ಉಟ್ಕಂಡು ನಿಂತ್ಕಂಡ್ರೆ ಸಾಲ್ದಾ’ ಎನ್ನುವುದನ್ನೂ ಅವರಿಗೇ ಹೇಳಿದ್ದೆನಲ್ಲ! ಕಿವಿ ಬಿಸಿಯಾಯಿತು. ಆದರೆ ನಾಚಿಕೆಯ ಕೆಳಗೆ, ಕನಸಿನಿಂದ ಎದ್ದವಳಿಗೆ ಉಳಿಯುತ್ತದಲ್ಲ, ಅಂಥದೊಂದು ಸುಖವೂ ಇತ್ತು.

ತವರಿಗೆ ಹೋದಾಗ ನಳಿನಿ ತಾರಸಿಯ ಮೇಲಿದ್ದಳು. ಬುದ್ಧಿ ಹೇಳಲು ಬಂದವಳು ಅದನ್ನು ಬಿಟ್ಟು ಕೇಳಿದೆ. “ನಿನಗೆ ಮೈಕ್ ಇಷ್ಟವಾ, ಆಕಾಶ ಇಷ್ಟವಾ?”

ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದಳು. “ಮೈಕಾ? ಯಾರಿಗ್ ಬೇಕಕ್ಕ ಮೈಕು! ನಾನು ಆಯಮ್ಮನ್ನ ನೋಡೋದೇ ಇಲ್ಲ. ಅವರು ಪಕ್ಕಕ್ಕೆ ಸರಿದರೆ ಸಾಕು, ಹಿಂದಿರೋ ಮೋಡ ಕಾಣುತ್ತೆ ಅಂತ ಕಾಯ್ತಾ ಇರ್ತೀನಿ. ಇವತ್ತು ಟಿವೀಲಿ ಕೇರಳದ ಮೇಲಿದ್ದ ಮೋಡ ನಾಳೆ ಅಲ್ಲಿಗೆ ಬರುತ್ತಾ ಅಂತ ನೋಡ್ತೀನಿ.” ಅವಳು ಬೆರಳು ತೋರಿದ ಕಡೆ, ದೂರದಲ್ಲಿ, ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಮಂಜಿನಲ್ಲಿ ಅರ್ಧ ಅಳಿಸಿತ್ತು. “ಒಂದೊಂದು ಸಲ ಬರುತ್ತೆ. ಒಂದೊಂದು ಸಲ ಬರಲ್ಲ. ಯಾಕೆ ಬರಲ್ಲ ಅನ್ನೋದನ್ನ ಓದ್ಬೇಕು ನಾನು.”

ಇಷ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ.

ಅಪ್ಪ ಊಟಕ್ಕೆ ಬಂದಾಗ ಬಸ್ಸಿನ ಕಥೆ ಹೇಳಿದೆ, ಎಂಎಸ್ಸಿಯ ಮಾತೂ, ಮುಖ ಕಾಣದ ಹೆಂಗಸರ ಮಾತೂ. ಅಪ್ಪ ಮೊಸರನ್ನ ಕಲಸುತ್ತಲೇ ಇದ್ದರು. “ಆಯಮ್ಮನೇ ಯೋಳಿದ್ರಾ? ನಿನ್ ಪಕ್ಕದಲ್ಲಿ ಕೂತ್ಕಂಡು?”

“ಹ್ಞೂಂ ಅಪ್ಪ.”

“ಪಿಜಿಕ್ಸು ಅಂದ್ರೆ, ಅದಾಗ್ದಿದ್ರೆ ಕಾಲೇಜ್ ಮೇಷ್ಟ್ರಾದ್ರೂ ಆಗ್ಬೋದಲ್ವಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಕೈ ತೊಳೆಯಲು ಏಳುತ್ತಾ, “ಅಲ್ಲ, ಕುದೇರಿನೋರಿಗೆ ಏನ್ ಯೋಳ್ಳಿ ಈಗ?” ಎಂದರು.

ಬಾಗಿಲ ಹಿಂದಿನಿಂದ ಅಮ್ಮ, “ಹವಾಮಾನ ಸರಿಯಿಲ್ಲ, ಈ ಭಾನ್ವಾರ ಬ್ಯಾಡ ಅನ್ನಿ” ಎಂದಳು. ನಳಿನಿ ನಕ್ಕಳು. ತಟ್ಟೆ ಹಾಕಿಕೊಂಡು ಕೂತಳು. ಅಷ್ಟರಲ್ಲಿ ಅಡುಗೆಮನೆಯ ಹೆಂಚಿನ ಮೇಲೆ ಹನಿಗಳ ಸದ್ದು. “ಅಕ್ಕ, ನಿನ್ನ ಸಂಡಿಗೆ!” ಎಂದಳು ಬಾಯಿ ತುಂಬ ಅನ್ನ ಇಟ್ಟುಕೊಂಡು.

ಆ ಭಾನುವಾರ ಯಾರೂ ಬರಲಿಲ್ಲ. ನಳಿನಿ ಈಗ ಮೈಸೂರಿನಲ್ಲಿ ಎಂಎಸ್ಸಿ ಕಡೆಯ ವರ್ಷದಲ್ಲಿದ್ದಾಳೆ. ಮುಂದೆ ಮೋಡದ ಕೆಲಸ ಸಿಗುವುದೋ, ಪಾಠದ ಕೆಲಸವೋ ತಿಳಿಯದು. ನಾನು ಮಾತ್ರ ಇಂದಿಗೂ ಹವಾಮಾನದ ಹೊತ್ತಿಗೆ ಒಲೆ ಸಣ್ಣ ಮಾಡಿ ಬಂದು ನಿಲ್ಲುತ್ತೇನೆ. ಆ ಕಪ್ಪುಬಿಳುಪಿನ ಸೀರೆ ನಿಜಕ್ಕೂ ಯಾವ ಬಣ್ಣದ್ದಿರಬಹುದು ಎಂದು ಊಹಿಸುತ್ತೇನೆ. ಮಾವಿನ ಚಿಗುರಿನದು ಎಂದೇ ಅನ್ನಿಸುತ್ತದೆ.

ಅಂದು ಸಂಜೆ ಚಾಮರಾಜನಗರಕ್ಕೆ ಮರಳಿದಾಗ ಬೀದಿ ನೆನೆದು ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಪುಟ್ಟತಾಯಮ್ಮ ಪಂಚೆಯ ಗಂಟು ತಂದುಕೊಟ್ಟರು. “ಮೋಡ ಕಂಡೇಟ್ಗೇ ಎತ್ತಿ ಮಡಗ್ಬುಟ್ಟೆ ಕಣವ್ವ. ನಾಳೀಕೆ ಇನ್ನೊಂದ್ ಬಿಸ್ಲು ಕಾಣ್ಸು.” ಆಮೇಲೆ ಎಂದಿನಂತೆ ನಮ್ಮ ಹಜಾರದಲ್ಲಿ ಕೂತು, ಸೊಪ್ಪು ಸೋಸುತ್ತಾ ವಾರ್ತೆ ನೋಡಿದರು. ಬಸ್ಸಿನ ಕಥೆಯನ್ನು ನಾನು ಅವರಿಗೆ ಇನ್ನೂ ಹೇಳಿರಲಿಲ್ಲ. ಹವಾಮಾನ ಬಂತು. ಓದುತ್ತಿದ್ದವರು ಯಾರೋ ಮೀಸೆಯ ಗಂಡಸು.

ಪುಟ್ಟತಾಯಮ್ಮ ಸೊಪ್ಪಿನಿಂದ ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ತಗ್ಗಿಸಿದರು.

“ಅಯ್ಯೋ, ನಮ್ ಉಡ್ಗಿ ಇವತ್ತು ಬಂದಿಲ್ವಲ್ಲವ್ವ. ಯಾರ್ ಮನೆಗ್ ಓಗವ್ಳೋ ಏನೋ.”