ತೂತುಮಾವನ ಕರಗದ ಮಾತ್ರೆ

ನನ್ನ ಸೋದರಮಾವನ ಕೆಲಸ ಮಾತ್ರೆಗೆ ತೂತು ಕೊರೆಯುವುದು. ತಮಾಷೆಯಲ್ಲ, ಅವನಿಗೆ ಸಂಬಳ ಬರುವುದೇ ಅದಕ್ಕೆ. ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಲೇಸರ್ ಯಂತ್ರದ ಮುಂದೆ ಕೂತು, ಕೂದಲೆಳೆ ತೂರುವಂಥ ತೂತನ್ನು ಇನ್ನೆಷ್ಟು ಕಿರಿದು ಮಾಡಲಿ ಎಂದು ತಲೆ ಕೆಡಿಸಿಕೊಳ್ಳುವವನು. ಊಟಕ್ಕೆ ಕೂತರೂ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುವ ಆಸಾಮಿ. ಮನೆಯಲ್ಲಿ ಅವನಿಗೆ ತೂತುಮಾವ ಎಂದೇ ಹೆಸರು.

ಅವನ ಮಾತ್ರೆಗೆ ಗಟ್ಟಿ ಸಿಪ್ಪೆ. ಹೊಟ್ಟೆಯ ನೀರು ಸಿಪ್ಪೆಯೊಳಕ್ಕೆ ಜಿನುಗಿ, ಔಷಧವನ್ನು ತೂತಿನಿಂದ ಸ್ವಲ್ಪಸ್ವಲ್ಪವಾಗಿ ಹೊರಗೆ ತಳ್ಳುತ್ತದೆ. ಬೆಳಿಗ್ಗೆ ಒಂದು ನುಂಗಿದರೆ ಇಡೀ ದಿನಕ್ಕೆ ಸಾಕು. ಅದು ಅಂಗಡಿಗೆ ಬಂದ ಮೇಲೆ ಅಮ್ಮನ ರಕ್ತದೊತ್ತಡಕ್ಕೆ ಡಾಕ್ಟರು ಅದನ್ನೇ ಬರೆದರು. ಮಾವ ಬೀಗಿದ್ದೇ ಬೀಗಿದ್ದು.

ಮುಂದಿನ ತಪಾಸಣೆಯಲ್ಲಿ ನೋಡಿದರೆ ಒತ್ತಡ ಗಗನಕ್ಕೇರಿತ್ತು. ಹೀಗೇ ಬಿಟ್ಟರೆ ಪಾರ್ಶ್ವವಾಯು ಬಡಿದೀತು ಎಂದರು ಡಾಕ್ಟರು. ನನಗೆ ಜೀವ ಬಾಯಿಗೆ ಬಂತು. ಮಾವನಿಗೂ ಹೆದರಿಕೆಯೇ, ಆದರೆ ಅದಕ್ಕಿಂತ ಒಂದು ತೂಕ ಹೆಚ್ಚು ಕುತೂಹಲ. ಬಂದವನೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ವಿಚಾರಣೆ ಶುರುಮಾಡಿದ. ಅಗಿದೆಯಾ, ಮುರಿದೆಯಾ, ಒಲೆಯ ಪಕ್ಕ ಇಟ್ಟೆಯಾ? ಅಮ್ಮ ಎಲ್ಲಕ್ಕೂ ಇಲ್ಲ ಎನ್ನುತ್ತಾ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕೊನೆಗೆ ನನ್ನನ್ನು ಹೊರಗೆ ಹೋಗೆಂದಳು. ಹೋದೆ, ಬಾಗಿಲ ಸಂದಿಯವರೆಗೆ.

"ನುಂಗಿದ ಹಾಗೇ ಕಕ್ಕಸಿನಲ್ಲಿ ಹೊರಗೆ ಬಂತು ಕಣೋ," ಎಂದಳು ಗೋಡೆಗೆ ಮುಖ ಮಾಡಿ. "ಎರಡು ಮೂರು ಸಲ ನೋಡಿದೆ. ಕರಗದೇ ಇರೋದನ್ನ ಯಾಕೆ ನುಂಗಲಿ ಅಂತ ಬಿಟ್ಟುಬಿಟ್ಟೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಸಿಪ್ಪೆ ಇಡಿಯಾಗಿ ಹೊರಬರುವುದೇ ಪ್ರಯೋಗಾಲಯದವರಿಗೆ ಗೆಲುವು. ಅದು ಖಾಲಿ ಸಿಪ್ಪೆ, ಔಷಧ ಆಗಲೇ ಮೈಗೆ ಸೇರಿರುತ್ತದೆ ಎಂದು ಮಾವ ಬಾಯಿ ನೋಯುವಷ್ಟು ಹೇಳಿದ. ಜಪ್ಪಯ್ಯ ಎಂದರೂ ಅಮ್ಮ ನಂಬಲಿಲ್ಲ.

ಮರುದಿನ ಬೆಳಿಗ್ಗೆಯೇ ಅವನು ಔಷಧದ ಬದಲು ಕೆಂಪು ಬಣ್ಣ ತುಂಬಿದ ಮಾತ್ರೆ ತಂದು, ಬೆಚ್ಚಗಿನ ನೀರಿನ ಲೋಟದಲ್ಲಿ ಹಾಕಿದ. ಮೂವರೂ ಬಗ್ಗಿ ಕೂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ತೂತಿನಿಂದ ಒಂದು ಕೆಂಪು ದಾರ ಮೆಲ್ಲಗೆ ಮೇಲೆದ್ದಿತು. ಅಮ್ಮ ಒಲೆ ಆರಿಸಿ ಬಂದು ಕುರ್ಚಿ ಎಳೆದುಕೊಂಡಳು. ಆ ದಿನ ಅಡುಗೆ ಆಗಲಿಲ್ಲ, ಯಾರೂ ಕೇಳಲೂ ಇಲ್ಲ. ಸಂಜೆಗೆ ನೀರೆಲ್ಲ ಕೆಂಪು, ಮಾತ್ರೆ ಮಾತ್ರ ಹಾಕಿದ ಹಾಗೇ ತಳದಲ್ಲಿತ್ತು. ಅಮ್ಮ ಅದನ್ನು ಚಮಚದಲ್ಲಿ ಎತ್ತಿ ಉಗುರಿನಿಂದ ಒತ್ತಿದಳು. ಪಿಚಕ್ಕೆಂದು ನೀರು ಬಂತು, ಅಷ್ಟೇ.

ಅಮ್ಮ ಎದ್ದುಹೋಗಿ ತನ್ನ ಮಾತ್ರೆ ತಂದು ನುಂಗಿದಳು. ಮಾವನ ಮುಖ ಊರಗಲವಾಯಿತು.

"ನೀನು ತಮ್ಮ ಅಂತ ನಾನು ಬಾಯಿಬಿಟ್ಟೆ," ಎಂದಳು ಲೋಟ ಕೆಳಗಿಡುತ್ತಾ. "ಬೇರೆಯವರು ಇಂಥದ್ದನ್ನ ಯಾರ ಹತ್ರ ಹೇಳ್ಕೊಳ್ತಾರೋ?"

ಖಾಲಿ ಸಿಪ್ಪೆ ಹೊರಬರುವ ಸಂಗತಿ ಎಲ್ಲಾದರೂ ಬರೆದಿದೆಯೇ ಎಂದು ಮಾವ ಮಾತ್ರೆಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮಾತ್ರೆ ಆಗಲೇ ಎಷ್ಟೋ ಮನೆ ಸೇರಿತ್ತು.