ಬಬಲೇಶ್ವರಕ್ಕೆ ಹೋದ ಚೆಲ್ಲೊ

ವಿಜಯಪುರದ ಗಾಂಧಿ ಚೌಕದಿಂದ ಬಸ್ ನಿಲ್ದಾಣಕ್ಕೆ ಬರಲು ಮೂವರು ಆಟೊದವರು ಒಪ್ಪಲಿಲ್ಲ. ಅಕ್ಕನ ಚೆಲ್ಲೊ, ಅಂದರೆ ನೆಲಕ್ಕೆ ಊರಿ ನುಡಿಸುವ ದೊಡ್ಡ ವಯೊಲಿನ್, ಆಳೆತ್ತರದ ಪೆಟ್ಟಿಗೆಯಲ್ಲಿತ್ತು. ನಾಲ್ಕನೆಯವನು ಅದನ್ನು ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕೂರಿಸಿ, ನನ್ನನ್ನು ತನ್ನ ಪಕ್ಕ ಒತ್ತಿಕೊಂಡು ಹೊರಟ. ತಿಕೋಟಾ ಬಸ್ಸಿನಲ್ಲಿ ಕಂಡಕ್ಟರ್ ಅಕ್ಕನ ಆಧಾರ್ ಕಾರ್ಡು ನೋಡಿ, "ಅಕ್ಕಾರಿಗೆ ಫ್ರೀ ಐತ್ರಿ. ಇದಕ್ಕ ಲಗೇಜ್ ತಗೋಬೇಕು, ನಿಮಗ ಫುಲ್ ಟಿಕೆಟ್" ಎಂದ.

ಬೆಳಿಗ್ಗೆ ಒಂಬತ್ತಕ್ಕೇ ತಲೆ ಕೆಟ್ಟಿತ್ತು, ಆದರೆ ಹಿಂದಿರುಗುವಂತಿರಲಿಲ್ಲ. ಅಪ್ಪ ರೈಲ್ವೆ ಕೆಲಸದಲ್ಲಿ ಪುಣೆಯಲ್ಲಿದ್ದಾಗ ನಾನು ವಯೊಲಿನ್, ಅಕ್ಕ ಚೆಲ್ಲೊ ಕಲಿತಿದ್ದೆವು. ಈ ಎರಡಕ್ಕೂ ಆರ್ಕೆಸ್ಟ್ರಾಕ್ಕೂ ಸೇರಿಸಿ ಬರೆದ ಕಾನ್ಚೆರ್ಟೊ ಎಂಬ ಪಾಶ್ಚಾತ್ಯ ಕೃತಿಯನ್ನು ಮೂವತ್ತು ವರ್ಷ ಆರ್ಕೆಸ್ಟ್ರಾ ಇಲ್ಲದೆಯೇ ಮನೆಯಲ್ಲಿ ನುಡಿಸಿದ್ದೇವೆ. ಈಗ ಸಂಧಿವಾತದಿಂದ ಅಕ್ಕನ ಎಡಗೈ ಬೆರಳು ಬಿಗಿಯುತ್ತಿವೆ. ಅವು ಪೂರ್ತಿ ಕೈಕೊಡುವ ಮೊದಲು ಅದರ ನಿಧಾನಗತಿಯ ಭಾಗವನ್ನಾದರೂ ಒಮ್ಮೆ ಮೇಳದೊಂದಿಗೆ ನುಡಿಸಬೇಕೆಂದು ಅವಳ ಹಟ. ಈ ಸೀಮೆಯಲ್ಲಿ ನಮಗೆ ಸಿಕ್ಕ ಆರ್ಕೆಸ್ಟ್ರಾ ಎಂದರೆ ಬಬಲೇಶ್ವರದ ಮದುವೆ ಬ್ಯಾಂಡು.

ತಿಕೋಟಾದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಬ್ಯಾಂಡಿನ ಕ್ಲಾರಿನೆಟ್ ಮಾಸ್ತರ ಭೀಮಣ್ಣ ಅಲ್ಲಿಯವರು. ಚುರುಮುರಿ ಸೂಸಲಾ, ಚಹಾ ಕೊಡಿಸಿ ಟಂಟಂ ಆಟೊದಲ್ಲಿ ನಮ್ಮನ್ನು ಬಬಲೇಶ್ವರಕ್ಕೆ ಕರೆದೊಯ್ದರು. ನಾನು ಮೊಬೈಲಿಗೆ ಕಳಿಸಿದ್ದ ರೆಕಾರ್ಡಿಂಗ್ ಕೇಳಿ ಬ್ಯಾಂಡಿನ ಎಂಟೂ ಜನ ತಮ್ಮ ತಮ್ಮ ಪಾಲನ್ನು ಬಾಯಿಪಾಠ ಮಾಡಿದ್ದರು. ಅವರ ಶೆಡ್ಡಿನಲ್ಲೇ ಶುರುಮಾಡಿದೆವು.

ಅಕ್ಕ ಒಬ್ಬಳೇ ನುಡಿಸುವ ಜಾಗ ಬಂದೊಡನೆ ಇಡೀ ಬ್ಯಾಂಡು ಒಳನುಗ್ಗಿತು. ನಿಲ್ಲಿಸಿ ತಿಳಿಸಿ ಹೇಳಿದೆ. ಮತ್ತೆ ನುಗ್ಗಿತು.

"ಅಲ್ಲಿ ನೀವು ಸುಮ್ಮ ಇರಬೇಕ್ರಿ, ಮಾಸ್ತರ್ರ" ಎಂದೆ.

"ಮೆರವಣಿಗ್ಯಾಗ ಒಬ್ಬನ ಉಸಿರು ಹತ್ತಿದ್ರ ಬಾಜೂದಾಂವ ಅದ ಸೂರ್ ಹಿಡೀತಾನ್ರಿ" ಎಂದರು ಭೀಮಣ್ಣ. "ಅಕ್ಕಾರನ್ನ ಒಬ್ಬರನ್ನ ಬಿಟ್ಟು ಹ್ಯಾಂಗ ನಿಂದ್ರೂದು?"

"ಅಕಿಗೆ ಏನೂ ಆಗಿಲ್ಲರಿ. ಅದನ್ನ ಬರದದ್ದ ಹಂಗ."

"ಹೆಣ್ಣಮಗಳು ಒಬ್ಬರ ನುಡಸಾಕತ್ತಾರ, ಎಂಟು ಮಂದಿ ಗಂಡಸರು ನೋಡ್ಕೋತ ನಿಂತಾರ ಅಂದ್ರ ಮಂದಿ ಏನಂದಾರು?" ಎಂದರು ಡ್ರಮ್ಮಿನವರು.

ನಾಲ್ಕು ತಾಸು ಗಂಟಲು ಹರಿದುಕೊಂಡೆ. ಆಮೇಲೆ ಬೈದೇ ಬಿಟ್ಟೆ. ಕೊನೆಗೆ ಅವರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು.

ಸಂಜೆ ಕೊನೆಯ ಬಾರಿ ಮೊದಲಿನಿಂದ ನುಡಿಸಿದೆವು. ಅಕ್ಕನ ಜಾಗ ಬಂತು. ಬ್ಯಾಂಡು ಸುಮ್ಮನೆ ನಿಂತಿತು. ನಾಲ್ಕನೇ ಸ್ವರಕ್ಕೆ ಅವಳ ಬೆರಳು ತಂತಿಯ ಮೇಲೆ ಮಡಚಿಕೊಂಡು ಕೂತುಬಿಟ್ಟವು. ಕಮಾನು ನಿಂತಿತು. ಭೀಮಣ್ಣನವರ ಕ್ಲಾರಿನೆಟ್ ತುಟಿಯ ಹತ್ತಿರವೇ ಇತ್ತು. ಊದಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಎಂಟೂ ಜನ ನನ್ನ ಮಾತು ಪಾಲಿಸುತ್ತಿದ್ದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ನುಡಿಸಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

ಭೀಮಣ್ಣ ಅಕ್ಕ ನಿಲ್ಲಿಸಿದ ಸ್ವರವನ್ನೇ ಹಿಡಿದರು. ಒಬ್ಬರ ಉಸಿರು ಮುಗಿದರೆ ಇನ್ನೊಬ್ಬರು. ಅಕ್ಕ ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸಿಕೊಂಡು, ಕಮಾನೆತ್ತಿ, ಅದೇ ಸ್ವರಕ್ಕೆ ಬಂದು ಸೇರಿದಳು. ಕೊನೆಯವರೆಗೂ ನುಡಿಸಿದಳು.

ವಿಜಯಪುರದ ಬಸ್ಸಿನಲ್ಲಿ ಮತ್ತೆ ಲಗೇಜ್ ಟಿಕೆಟ್. ಅಕ್ಕ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. "ಬರದದ್ದರಾಗ ಅಷ್ಟು ತಿದ್ದಿಕೋ" ಎಂದಳು. "ಅಲ್ಲಿ ನಾ ಒಬ್ಬಾಕಿ ಅಲ್ಲ."

ಬಸ್ಸಿನ ಕುಲುಕಾಟಕ್ಕೆ ಬೈದುಕೊಳ್ಳುತ್ತ ಸ್ವರಲಿಪಿಯ ಹಾಳೆ, ಪೆನ್ಸಿಲ್ ತೆಗೆದೆ. ಅವಳ ಜಾಗದ ಕೆಳಗೆ ಎಂಟೂ ಜನರ ಹೆಸರು ಬರೆದೆ.