ಕ್ಷೌರದಂಗಡಿಯ ಹೆಸರಿಲ್ಲದ ಗಿಡ

ಬೆಳಕು ಇನ್ನೂ ನರ್ಸರಿಯ ಹಸಿರು ಪರದೆಯ ಮೇಲೆಯೇ ನಿಂತಿದೆ, ಕೆಳಗಿಳಿದಿಲ್ಲ. ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಅಕ್ಕ ಮರಳು, ಕೆಂಪು ಮಣ್ಣು, ಇದ್ದಿಲ ಚೂರು ಬೆರೆಸಿ, ಮುಷ್ಟಿಯಲ್ಲಿ ಹಿಡಿದು ಬಿಡುತ್ತಾರೆ. ಮುದ್ದೆ ತಾನಾಗಿ ಒಡೆದರೆ ಸರಿ. ಅಂಟಿಕೊಂಡರೆ ಇನ್ನೊಂದು ಬೊಗಸೆ ಮರಳು. ಕೈ ಮಣ್ಣಿನಲ್ಲಿದ್ದರೂ ಕಣ್ಣು ಮಾತ್ರ ಮೂಲೆಯ ಒಂದು ಕುಂಡದ ಮೇಲಿದೆ.

“ನಿನ್ನೆ ಮಧ್ಯಾಹ್ನ ಬಾಯಿ ಬಿಡೋ ಹಾಗಿತ್ತು. ಈಗ ನೋಡಿದ್ರೆ ಮುಚ್ಕೊಂಡು ಕೂತಿದೆ, ನಖರಾ!” ಎಂದು ಅದರ ಮೊಗ್ಗಿಗೆ ಗದರುತ್ತಾರೆ.

ಎಲ್ಲರೂ ಅವರನ್ನು ಕರೆಯುವುದು ಕುಂಡದಕ್ಕ ಎಂದು. ಮದುವೆಯಾದ ವರ್ಷವೇ ಇಲ್ಲಿ ಕೂಲಿಗೆ ಸೇರಿದರು. ಗಂಡ ಇಲ್ಲಿಯೇ ಬಾವಿಯಿಂದ ನೀರು ಹೊರುತ್ತಿದ್ದರು. ಗಂಡ ತೀರಿಕೊಂಡರು, ಬಾವಿಗೆ ಮುಚ್ಚಳ ಬಿತ್ತು, ತುಕ್ಕು ಹಿಡಿದ ಡಬ್ಬಗಳ ಜಾಗಕ್ಕೆ ಪ್ಲಾಸ್ಟಿಕ್ ಕುಂಡಗಳು ಬಂದವು. ಅಕ್ಕ ಉಳಿದರು. ದಿನಕ್ಕೆ ಇನ್ನೂರು ಕುಂಡ ತುಂಬಬೇಕು. ನೆಲಕ್ಕೆ ಕೂತರೆ ಏಳಲು ಕಂಬ ಬೇಕು. ಬೆರಳ ಸಂದಿಯ ಬಿರುಕು ಚಳಿಗೆ ರಕ್ತ ಒಸರುತ್ತದೆ. ಗಿರಾಕಿಗಳಿಗೆ ಅವರ ಮುಖಪರಿಚಯವಿಲ್ಲ. ಯಾರಾದರೂ ಗುರುತು ಸಿಗದ ಗಿಡ ತಂದಾಗ ಮಾತ್ರ ಮಾಲೀಕರು ಆ ಗಿರಾಕಿಯನ್ನು ಹಿಂಬದಿಗೆ, ಅಕ್ಕನ ಬಳಿಗೆ ಕಳುಹಿಸುತ್ತಾರೆ.

“ಆಗೆಲ್ಲ ಗಿಡಕ್ಕೆ ಕೊಟ್ಟವರದ್ದೇ ಹೆಸರು. ಮೂಲೆಮನೆ ಗಿಡ, ಟೀಚರಮ್ಮನ ಗಿಡ. ಗೋಡೆ ಮೇಲಿಂದ ಒಂದು ಕಡ್ಡಿ ಮುರಿದು ಕೊಡೋರು. ಒದ್ದೆ ಬಟ್ಟೇಲಿ ಸುತ್ಕೊಂಡು ಬರ್ತಿದ್ವಿ. ಒಣಗಿ ಹೋದ್ರೆ ಮತ್ತೆ ಅವರ ಮನೆ ಬಾಗಿಲಿಗೇ ಹೋಗೋದು. ಕೇಳೋಕೆ ಒಬ್ಬರು ಅಂತ ಇದ್ರು,” ಎನ್ನುತ್ತಾರೆ ಅಕ್ಕ.

ಮಳೆಗಾಲದ ಕೊನೆಯಲ್ಲಿ ಈ ಮೂಲೆಯ ಕುಂಡ ಹೊತ್ತು ಬಂದ ಕ್ಷೌರಿಕರಿಗೆ ಹಾಗೆ ಕೇಳಲು ಯಾರೂ ಉಳಿದಿರಲಿಲ್ಲ. ಗಿಡ ಅವರ ಅಣ್ಣನದು. ಅಂಗಡಿ ತೆರೆದವನೂ ಕತ್ತರಿ ಹಿಡಿಯಲು ಕಲಿಸಿದವನೂ ಆ ಅಣ್ಣನೇ. ಅಣ್ಣ ಹೋದ ಮೇಲೆ ಕುರ್ಚಿಗಳು ಬದಲಾದವು, ಕನ್ನಡಿ ಒಡೆಯಿತು. ಅವನ ಕಾಲದ್ದೆಂದು ಉಳಿದದ್ದು ದಪ್ಪ ಎಲೆಯ ಈ ಗಿಡವೊಂದೇ. ಅದರ ಎಲೆಗಳೂ ಉದುರತೊಡಗಿದ್ದವು.

“ಕೂದಲು ಉದುರಿದ್ರೆ ಹತ್ತು ಎಣ್ಣೆ ಹೇಳ್ತೀನಿ ಅಕ್ಕಾ. ಎಲೆ ಉದುರಿದ್ರೆ ಏನು ಮಾಡ್ಲಿ?”

“ನಿಮ್ಮ ಎಣ್ಣೆ ಹಚ್ಚಿದವರ ತಲೆ ನೋಡಿದೀನಪ್ಪ. ಇದಕ್ಕೆ ಹಚ್ಚಬೇಡಿ.”

ಅಕ್ಕ ಗಿಡವನ್ನು ಕಿತ್ತು ನೋಡಿದರು. ಅರ್ಧ ಬೇರು ಕೊಳೆತಿತ್ತು; ಅಂಗಡಿ ಮುಚ್ಚುವಾಗ ಉಳಿದ ನೀರೆಲ್ಲ ಅದರ ಬುಡಕ್ಕೇ ಹೋಗುತ್ತಿತ್ತು. ಕೊಳೆತದ್ದನ್ನು ತೆಗೆದು, ನೆರಳಲ್ಲಿ ಒಣಗಿಸಿ, ಮರಳುಮಣ್ಣಿನಲ್ಲಿ ನೆಟ್ಟರು. ಆದರೆ ಜಾತಿ ತಿಳಿಯಲಿಲ್ಲ. ಮಬ್ಬುಬೆಳಕಿನಲ್ಲಿ ಬೆಳೆದ ಎಲೆ ಬಣ್ಣ ಕಳೆದುಕೊಂಡು ಉದ್ದವಾಗಿತ್ತು.

“ಎರಡರ ಮೇಲೆ ಅನುಮಾನ ಇದೆ. ಒಂದಕ್ಕೆ ಚಳೀಲೂ ನೀರು ಬೇಕು, ಇನ್ನೊಂದಕ್ಕೆ ಆಗ ನೀರು ಹೆಚ್ಚಾದ್ರೆ ಉಳಿದಿರೋ ಬೇರೂ ಕೊಳೆಯುತ್ತೆ. ಹೂ ಬಿಟ್ರೆ ದಳ ಎಣಿಸಿ ಹೇಳ್ತೀನಿ, ನಾಲ್ಕೋ ಐದೋ ಅಂತ.”

“ಇದು ಹೂ ಬಿಡೋ ಗಿಡವೇ ಅಲ್ಲ. ಚಿಕ್ಕಂದಿನಿಂದ ನೋಡ್ತಿದೀನಿ.”

ಅಂಗಡಿಗೆ ರಜೆಯಿದ್ದ ದಿನ ಕ್ಷೌರಿಕರು ಮತ್ತೆ ಬಂದರು. ಮಾತಾಡುತ್ತಲೇ ಜೇಬಿನಿಂದ ಕತ್ತರಿ ತೆಗೆದು, ಮೇಲೆದ್ದಿದ್ದ ಒಂದು ತುದಿಗೆ ಹಿಡಿದರು.

“ಏಯ್, ಆ ಕೈ ಕೆಳಗಿಳಿಸಪ್ಪ!”

“ಒಂದು ಕೂದಲು ಎದ್ದು ನಿಂತ್ರೂ ನನಗೆ ಊಟ ಸೇರಲ್ಲ ಅಕ್ಕಾ. ವಾರಕ್ಕೊಮ್ಮೆ ಇದಕ್ಕೂ ಕಟಿಂಗ್. ಅಣ್ಣನ ಕಾಲದಿಂದ ನಡೆದು ಬಂದಿದ್ದು.”

ಅಕ್ಕನಿಗೆ ಗುಟ್ಟು ತಿಳಿಯಿತು. ಈ ಗಿಡಗಳು ಹೂ ಬಿಡುವುದೇ ಕೊಂಬೆಯ ತುದಿಯಲ್ಲಿ. ಮೊಗ್ಗು ಕಣ್ಣಿಗೆ ಬೀಳುವ ಮೊದಲೇ, ಇಷ್ಟೂ ವರ್ಷ, ಅಣ್ಣತಮ್ಮಂದಿರು ಅದನ್ನು ಕತ್ತರಿಸುತ್ತ ಬಂದಿದ್ದರು. ಅಂದಿನಿಂದ ಕುಂಡ ಶೆಡ್ಡಿನಲ್ಲೇ ಉಳಿಯಿತು. ನೋಡಲು ಬರುವವರು ಕೈ ಹಿಂದೆ ಕಟ್ಟಿಕೊಳ್ಳಬೇಕೆಂಬ ಷರತ್ತೂ ಆಯಿತು.

ಇಂದು ಅಂಗಡಿ ತೆರೆಯುವ ಮೊದಲೇ ಕ್ಷೌರಿಕರು ಬಂದು ನಿಂತಿದ್ದಾರೆ. ಬಿಸಿಲು ನಿಧಾನವಾಗಿ ಕುಂಡದ ಅಂಚು ದಾಟುತ್ತದೆ. ಒಂದು ಹೂ ಬಿರಿಯುತ್ತದೆ. ಅಕ್ಕ ಕಿರುಬೆರಳಿನಿಂದ ಎಣಿಸುತ್ತಾರೆ; ಮತ್ತೊಮ್ಮೆ ಎಣಿಸುತ್ತಾರೆ.

“ನಾಲ್ಕು. ಕಲಾಂಚೊ ಇದು, ನೀರು ಹೆಚ್ಚಾದ್ರೆ ಕೊಳೆಯೋ ಜಾತಿ. ಚಳಿ ಮುಗಿಯೋವರೆಗೆ ನೀರು ಹತ್ತಿರ ತರಬೇಡಿ. ನಮ್ಮಿಬ್ಬರಿಗಿಂತ ಹೆಚ್ಚು ದಿನ ಬಾಳುತ್ತೆ.”

ಕ್ಷೌರಿಕರು ನಗುವುದಿಲ್ಲ. “ಅಣ್ಣ ಇದನ್ನ ನೋಡ್ಲೇ ಇಲ್ವಲ್ಲ ಅಕ್ಕಾ. ತನ್ನ ಕೈಯಾರೆ ಕತ್ತರಿಸ್ಕೊಂಡೇ ಹೋದ.”

ಅಕ್ಕ ಕುಂಡವನ್ನು ಅರ್ಧ ಸುತ್ತು ತಿರುಗಿಸಿ ಬುಡದಿಂದ ಮೇಲಕ್ಕೆ ಬೆರಳು ಓಡಿಸುತ್ತಾರೆ. ಕತ್ತರಿ ಬಿದ್ದ ಪ್ರತಿ ಜಾಗದಲ್ಲೂ ಕೊಂಬೆ ಕವಲೊಡೆದಿದೆ. ಒಂದು ಎರಡಾಗಿ, ಎರಡು ನಾಲ್ಕಾಗಿ.

“ಮುಟ್ಟದೇ ಬಿಟ್ಟಿದ್ರೆ ಒಂದೇ ಕಡ್ಡಿ, ಒಂದೇ ಗೊಂಚಲು. ಈಗ ನೋಡಿ, ತುದಿ ತುದಿಗೂ ಮೊಗ್ಗು. ಇಷ್ಟನ್ನೂ ನಿಮ್ಮಣ್ಣನೇ ಕೂಡಿಟ್ಟು ಹೋಗಿದಾರೆ.”

ಕ್ಷೌರಿಕರು ಕೈ ಹಿಂದೆ ಕಟ್ಟಿಕೊಂಡೇ ಬಾಗಿ, ಒಂದೊಂದು ತುದಿಯನ್ನೂ ನೋಡುತ್ತಾರೆ. ಆಮೇಲೆ ಕುಂಡವನ್ನು ಮಗುವಿನಂತೆ ಎದೆಗಾನಿಸಿಕೊಂಡು, ನಿಮಗೇನು ಕೊಡಲಿ ಎಂದು ಕೇಳುತ್ತಾರೆ.

ಅಕ್ಕ ಆಗಲೇ ಮಣ್ಣಿಗೆ ಕೈ ಹಾಕಿದ್ದಾರೆ. “ಎಲ್ಲಾ ಮೊಗ್ಗೂ ಅರಳಿದ ದಿನ ಒಂದು ಸಲ ಕರೀರಿ, ಬಂದು ನೋಡ್ತೀನಿ. ಇಷ್ಟು ವರ್ಷ ಕುಂಡ ತುಂಬಿದೀನಿ. ಅದು ಯಾರ ಕಿಟಕೀಲಿ ಹೇಗೆ ಕೂತಿದೆ ಅಂತ ಒಂದನ್ನೂ ನೋಡಿಲ್ಲ.”